ಪಾವಗಡ-ಮಧುಗಿರಿ ಸೀಮೆಯ ಕಲ್ಲುಗುಡ್ಡಗಳ ಸಸ್ಯಸಮೂಹ

ಪಾವಗಡ, ಮಧುಗಿರಿ, ಶಿರಾ ಮತ್ತು ಕೊರಟಗೆರೆ ತಾಲ್ಲೂಕುಗಳಲ್ಲಿ ಹೆಚ್ಚಿನ ಊರುಗಳಿಗೆ ಒಂದಲ್ಲ ಒಂದು ಕಲ್ಲುಗುಡ್ಡ ಹತ್ತಿರದಲ್ಲೇ ಇದೆ. ಪಾವಗಡದ ಕೋಟೆಬೆಟ್ಟ, ನಿಡಗಲ್ಲು, ಮಿಡಿಗೇಶಿ, ಮಧುಗಿರಿಯ ಏಕಶಿಲಾ ಬೆಟ್ಟ, ಚನ್ನರಾಯನದುರ್ಗ, ಸಿದ್ದರಬೆಟ್ಟ ಇವು ಹೆಸರಾದವು. ಹೆಸರಿಲ್ಲದ ಸಣ್ಣ ಗುಡ್ಡಗಳು ಲೆಕ್ಕವಿಲ್ಲದಷ್ಟಿವೆ. ಕಂದಾಯದ ದಾಖಲೆಗಳಲ್ಲಿ ಇಂತಹ ಎಷ್ಟೋ ಗುಡ್ಡಗಳನ್ನು 'ಖರಾಬು' ಎಂದು ಬರೆದಿರುತ್ತಾರೆ. ಬೇಸಾಯಕ್ಕೆ ಬಾರದ ನೆಲ ಎಂಬುದಷ್ಟೇ ಆ ಮಾತಿನ ಅರ್ಥ. ಆದರೆ ದಿನ ಕಳೆದಂತೆ, ಅಲ್ಲಿ ಏನೂ ಇಲ್ಲ, ಅದರಿಂದ ಏನೂ ಉಪಯೋಗವಿಲ್ಲ ಎಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ.

ವಾಸ್ತವವಾಗಿ ಈ ಗುಡ್ಡಗಳ ಮೇಲೆ ಬೆಳೆದಿರುವ ಗಿಡಮರಗಳು ತೋಚಿದಲ್ಲಿ ಬೆಳೆದವಲ್ಲ. ಎಲ್ಲಿ ಎಷ್ಟು ಮಣ್ಣಿದೆ, ಎಲ್ಲಿ ಮಳೆನೀರು ನಿಲ್ಲುತ್ತದೆ ಎಂಬುದನ್ನು ಅನುಸರಿಸಿ ಒಂದೊಂದು ಗುಂಪು ಒಂದೊಂದು ನೆಲೆಯನ್ನು ಹಿಡಿದಿದೆ. ಈ ಜೋಡಣೆಯನ್ನು ಅರಿತವರು ಗುಡ್ಡವನ್ನು ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳಬಲ್ಲರು. ಅರಿಯದೆ ಗುಂಡಿ ತೋಡಿ ಸಿಕ್ಕಿದ ಸಸಿ ನೆಟ್ಟರೆ ಹಣವೂ ಹೋಗುತ್ತದೆ, ಇದ್ದ ಮಣ್ಣೂ ಹೋಗುತ್ತದೆ. ಆದ್ದರಿಂದ ರೈತರೂ ವಿಸ್ತರಣಾ ಕಾರ್ಯಕರ್ತರೂ ತಮ್ಮ ಊರಿನ ಗುಡ್ಡವನ್ನು ತಾವೇ ಗುರುತಿಸಿ ತಿಳಿಯಲು ನೆರವಾಗುವಂತೆ ಈ ಪಾಠವನ್ನು ಸಿದ್ಧಪಡಿಸಲಾಗಿದೆ.

ಕಲ್ಲು, ಮಣ್ಣು ಮತ್ತು ಮಳೆ

ಪಾವಗಡ ಮತ್ತು ಮಧುಗಿರಿಯ ಗುಡ್ಡಗಳ ಶಿಲೆಯನ್ನು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದು ಇಂದಿನ ರಾಮನಗರದ ಹಳೆಯ ಹೆಸರು. ಅಲ್ಲಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಹಾಯ್ದು ಮೊಳಕಾಲ್ಮೂರಿನ ಆಚೆಗೂ ಈ ಶಿಲೆಯ ಪಟ್ಟಿ ಹೋಗುತ್ತದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ಬಿಸಿಲಿಗೆ ಕಾದು, ರಾತ್ರಿ ಆರಿ, ಮಳೆಗೆ ನೆನೆದು ಪದರ ಪದರವಾಗಿ ಏಳುತ್ತದೆ, ಬಿರುಕು ಬಿಡುತ್ತದೆ, ಗುಂಡುಗಳಾಗಿ ಉರುಳುತ್ತದೆ. ಕೊನೆಗೆ ಗರಸಾಗಿ ಪುಡಿಯಾಗಿ ನಮ್ಮ ಹೊಲಗಳ ಕೆಂಪು ಮರಳು ಮಣ್ಣಾಗುತ್ತದೆ. ನಾವು ಕಡಲೆಕಾಯಿ, ರಾಗಿ, ಹುರುಳಿ ಬಿತ್ತುವ ಮಣ್ಣಿಗೆ ಈ ಕಲ್ಲೇ ಮೂಲ.

ಪಾವಗಡದಲ್ಲಿ ವರ್ಷಕ್ಕೆ ಸರಾಸರಿ 500ರಿಂದ 600 ಮಿಲಿಮೀಟರ್ ಮಳೆಯಾಗುತ್ತದೆ. ಮೇ ತಿಂಗಳಲ್ಲಿ ಒಂದಿಷ್ಟು ಬಿದ್ದು, ನಡುವೆ ಬಿಡುವು ಕೊಟ್ಟು, ಹೆಚ್ಚಿನ ಪಾಲು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಬರುತ್ತದೆ. ಮಳೆ ಬೀಳುವ ದಿನಗಳು ಕಡಿಮೆ. ಬಿದ್ದಾಗ ರಭಸವಾಗಿ ಬೀಳುತ್ತದೆ.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಗಮನಿಸಿ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರಾಗುತ್ತದೆ. ಬರಿಬಂಡೆ ಅದರಲ್ಲಿ ಹೆಚ್ಚಿನದನ್ನು ಹೀರಿಕೊಳ್ಳದೆ ಕೆಳಗೆ ಹರಿಸಿಬಿಡುತ್ತದೆ. 10 ಮೀಟರ್ ಉದ್ದ, 10 ಮೀಟರ್ ಅಗಲದ ಬಂಡೆಯ ಮೇಲಿನ ನೀರೆಲ್ಲ ಒಂದೇ ಬಿರುಕಿಗೆ ಇಳಿಯಿತೆಂದು ಭಾವಿಸಿದರೆ, ಅದೇ 10 ಮಿಲಿಮೀಟರ್ ಮಳೆಯಲ್ಲಿ ಆ ಬಿರುಕಿಗೆ ಹತ್ತಿರ ಹತ್ತಿರ 1,000 ಲೀಟರ್ ನೀರು ಸಿಗುತ್ತದೆ. ಬಿರುಕಿನೊಳಗಿನ ನೀರಿಗೆ ಬಿಸಿಲೂ ಗಾಳಿಯೂ ಅಷ್ಟಾಗಿ ತಾಗುವುದಿಲ್ಲ. ಬಯಲಿನಲ್ಲಿ ಹುಲ್ಲು ಒಣಗಿದ್ದಾಗಲೂ ಬಂಡೆಯ ನಡುವಿನ ಮರ ಹಸಿರಾಗಿರಲು ಇದೇ ಕಾರಣ. ಬಂಡೆ ಸುತ್ತಲಿನ ನೀರನ್ನು ಆ ಮರದ ಬುಡಕ್ಕೆ ತಂದುಕೊಡುತ್ತದೆ.

ಸಸ್ಯಸಮೂಹ ಎಂದರೇನು?

ಒಂದೇ ಬಗೆಯ ನೆಲ, ನೀರು, ಬಿಸಿಲುಗಳಲ್ಲಿ ಒಟ್ಟಿಗೆ ಬಾಳುವ ಮರ, ಪೊದೆ, ಬಳ್ಳಿ, ಹುಲ್ಲುಗಳ ಗುಂಪಿಗೆ ಸಸ್ಯಸಮೂಹ ಎಂದು ಹೆಸರು. ಅವು ಒಂದಕ್ಕೊಂದು ಪೈಪೋಟಿ ಮಾಡುತ್ತವೆ, ಒಂದಕ್ಕೊಂದು ಆಸರೆಯಾಗುವುದೂ ಉಂಟು. ಗುಂಪಿನಲ್ಲಿ ಒಂದೆರಡು ಗಿಡಗಳನ್ನು ಕಂಡರೆ ಉಳಿದವು ಯಾವುವಿರಬಹುದೆಂದು ಅನುಭವಸ್ಥರು ಊಹಿಸಬಲ್ಲರು. ಕುರಿ ಮೇಯಿಸುವ ಹಿರಿಯರಿಗೆ ಈ ತಿಳಿವಳಿಕೆ ಪುಸ್ತಕವಿಲ್ಲದೆಯೇ ಇರುತ್ತದೆ.

ಭಾರತದ ಕಾಡುಗಳನ್ನು ಚಾಂಪಿಯನ್ ಮತ್ತು ಸೇಠ್ ಎಂಬ ಅರಣ್ಯ ತಜ್ಞರು 1968ರಲ್ಲಿ ವಿಂಗಡಿಸಿದರು. ಆ ವಿಂಗಡಣೆಯ ಪ್ರಕಾರ ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಎರಡು ಬಗೆಯ ಕಾಡು ಕಂಡುಬರುತ್ತದೆ. ಒಂದು ಎಲೆ ಉದುರುವ ಒಣ ಕಾಡು, ಇನ್ನೊಂದು ಕುರುಚಲು ಮುಳ್ಳುಕಾಡು. ಇವಲ್ಲದೆ, ಮಣ್ಣಿನ ವಿಶೇಷದಿಂದಲೇ ಉಂಟಾಗುವ ಕಮರದ ಕಾಡನ್ನು ಅವರು ಪ್ರತ್ಯೇಕವಾಗಿ ಗುರುತಿಸಿದ್ದಾರೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಾಡು ಕಮರಕ್ಕೆ ಹೆಸರಾದುದು. 2019ರಲ್ಲಿ ಅದನ್ನು ಚಿಂಕಾರ ವನ್ಯಧಾಮವೆಂದು ಘೋಷಿಸಲಾಯಿತು. ಚಿಂಕಾರ ಎಂಬುದು ಒಣ ಪ್ರದೇಶದ ಒಂದು ಹುಲ್ಲೆ.

ಗುಡ್ಡದ ಐದು ನೆಲೆಗಳು

ನಿಮ್ಮ ಊರಿನ ಗುಡ್ಡವನ್ನು ನೆತ್ತಿಯಿಂದ ಬುಡದವರೆಗೆ ಈ ಕೆಳಗಿನ ಐದು ನೆಲೆಗಳಾಗಿ ವಿಂಗಡಿಸಿ ನೋಡಿ.

1. ಬರಿಬಂಡೆ: ಇಲ್ಲಿ ಮಣ್ಣು ಇಲ್ಲವೇ ಇಲ್ಲ. ಆದರೂ ಬಂಡೆಯ ಮೇಲೆ ಬೂದು, ಹಳದಿ, ಕಪ್ಪು ಬಣ್ಣದ ತೇಪೆಗಳಂತೆ ಕಲ್ಲುಹೂ ಹಬ್ಬಿರುತ್ತದೆ. ತಗ್ಗುಗಳಲ್ಲಿ ಹಾವಸೆ ಬೆಳೆದು ತೇವ ಹಿಡಿಯುತ್ತದೆ, ಗಾಳಿ ತಂದ ಧೂಳನ್ನು ಕೂಡಿಸುತ್ತದೆ. ಅಂಚಿನ ಸಂದುಗಳಲ್ಲಿ ಮಯೂರಶಿಖಿಯೆಂಬ ಪುಟ್ಟ ಜರಿಗಿಡ ಸಿಗುತ್ತದೆ. ಬೇಸಿಗೆಯಲ್ಲಿ ಅದು ಸುರುಟಿ ಸತ್ತಂತೆ ಕಂಡರೂ ಮಳೆ ಬಿದ್ದೊಡನೆ ಮತ್ತೆ ಬಿಚ್ಚಿಕೊಂಡು ಹಸಿರಾಗುತ್ತದೆ. ನೀರು ನಿಲ್ಲುವ ದೊಣೆಗಳು ಕುರಿಗಾಹಿಗಳಿಗೂ ಕಾಡುಪ್ರಾಣಿಗಳಿಗೂ ಆಸರೆ.

2. ಬಿರುಕು: ಒಂದು ಬೆರಳಿನಷ್ಟು ಬಿರುಕಿದ್ದರೂ ಕಲ್ಲತ್ತಿ, ಬಸರಿ, ಆಲದ ಜಾತಿಯ ಮರಗಳು ಬೇರಿಳಿಸುತ್ತವೆ. ಹಕ್ಕಿಗಳು ಹಣ್ಣು ತಿಂದು ಹಾಕಿದ ಹಿಕ್ಕೆಯಿಂದ ಇವುಗಳ ಬೀಜ ಅಲ್ಲಿಗೆ ತಲುಪುತ್ತದೆ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಎಲೆಯೊಂದೂ ಇಲ್ಲದ ಕೊಂಬೆಗಳಲ್ಲಿ ದೊಡ್ಡ ಹಳದಿ ಹೂ ಬಿಡುವ ಬೆಟ್ಟತಾವರೆ ಮರ ದೂರದಿಂದಲೇ ಗುರುತಿಗೆ ಸಿಗುತ್ತದೆ. ಇದಕ್ಕೆ ಅರಿಶಿನ ಬೂರುಗ ಎಂದೂ ಹೆಸರಿದೆ. ಕಾಂಡದಲ್ಲೇ ನೀರು ಕೂಡಿಡುವ ಚದುರಗಳ್ಳಿಯೂ ಈ ನೆಲೆಯದೇ.

3. ಗುಂಡುಗಳ ಸಂದು: ದೊಡ್ಡ ಗುಂಡುಕಲ್ಲುಗಳು ಒಂದರ ಮೇಲೊಂದು ಕುಳಿತ ಕಡೆ ನೆರಳಿದೆ, ತಂಪಿದೆ, ಕೊಳೆತ ಎಲೆಯ ಗೊಬ್ಬರವಿದೆ. ಕೊಡಲಿ, ಬೆಂಕಿ, ಮೇಕೆ ಇವು ಮೂರೂ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ. ಗುಡ್ಡದ ಅತ್ಯಂತ ಹಳೆಯ ಮರಗಳು ಹೆಚ್ಚಾಗಿ ಇಲ್ಲೇ ಉಳಿದಿರುತ್ತವೆ. ಕರಡಿಯ ಗವಿಗಳಿರುವುದೂ ಇಂತಹ ಕಡೆಯೇ. ಆದ್ದರಿಂದ ಒಬ್ಬರೇ ಹೋಗುವುದು ಸರಿಯಲ್ಲ.

4. ಕಲ್ಲುಮಣ್ಣಿನ ಇಳಿಜಾರು: ಗಾತ್ರದಲ್ಲಿ ಇದೇ ದೊಡ್ಡ ನೆಲೆ. ಕೆಲವು ಅಂಗುಲದಿಂದ ಒಂದೆರಡು ಅಡಿಯವರೆಗೆ ಗರಸು ಮಣ್ಣಿರುತ್ತದೆ. ಕಮರ, ದಿಂಡಿಗ, ತುಗ್ಗಲಿ, ಹುರಗಲು, ಕಗ್ಗಲಿ ಇಲ್ಲಿಯ ಮರಗಳು. ಇವುಗಳ ಕೆಳಗೆ ಕಾರೆ, ಕವಳಿ, ಪರಗಿ, ಬಂದರೆಗಳ ಪೊದೆ. ಪೊದೆಗಳ ನಡುವೆ ಬೋದೆ ಹುಲ್ಲು, ಪೊರಕೆ ಕಟ್ಟುವ ಹಂಚಿಕಡ್ಡಿ, ಬಟ್ಟೆಗೆ ಚುಚ್ಚಿಕೊಳ್ಳುವ ಊಬಿನ ಹುಲ್ಲು. ಪೊದೆಗಳ ಮೇಲೆ ಮಂಗರವಳ್ಳಿ ಹಬ್ಬಿರುತ್ತದೆ.

5. ಬುಡದ ತಪ್ಪಲು: ಮೇಲಿನಿಂದ ಕೊಚ್ಚಿಬಂದ ಮಣ್ಣು ಇಲ್ಲಿ ಆಳವಾಗಿ ಕೂತಿರುತ್ತದೆ. ಬೇವು, ಹುಣಸೆ, ಮುತ್ತುಗ, ತಪಸಿ, ಸೀತಾಫಲ ಚೆನ್ನಾಗಿ ಬರುತ್ತವೆ. ಹಳ್ಳದ ಅಂಚಿನಲ್ಲಿ ಹೊಂಗೆ ಮತ್ತು ಈಚಲು ಕಾಣುತ್ತವೆ. ಹೊಲಕ್ಕೆ ತಾಗಿಕೊಂಡಿರುವುದರಿಂದ ಒತ್ತುವರಿಯೂ ಬಳ್ಳಾರಿ ಜಾಲಿಯೂ ಮೊದಲು ಬರುವುದು ಇಲ್ಲಿಗೇ.

ಗುಡ್ಡದ ಮಗ್ಗುಲನ್ನೂ ಗಮನಿಸಬೇಕು. ದಕ್ಷಿಣ ಮತ್ತು ಪಶ್ಚಿಮದ ಮಗ್ಗುಲಿಗೆ ಬಿಸಿಲು ಹೆಚ್ಚು, ಅಲ್ಲಿ ಮುಳ್ಳುಗಿಡಗಳು ಹೆಚ್ಚು. ಉತ್ತರ ಮತ್ತು ಪೂರ್ವದ ಮಗ್ಗುಲಲ್ಲಿ ತೇವ ಹೆಚ್ಚು ದಿನ ಉಳಿಯುವುದರಿಂದ ಮರಗಳು ದಟ್ಟವಾಗಿರುತ್ತವೆ. ಹಾಗೆಯೇ ಪಾವಗಡದಿಂದ ದಕ್ಷಿಣಕ್ಕೆ ಕೊರಟಗೆರೆಯ ಕಡೆ ಸಾಗಿದಂತೆ ಮಳೆ ಸ್ವಲ್ಪ ಹೆಚ್ಚಿ, ಕಾಡಿನ ಬಗೆಯೂ ಬದಲಾಗುತ್ತದೆ. ಸಿದ್ದರಬೆಟ್ಟ ಔಷಧಿ ಸಸ್ಯಗಳಿಗೆ ಹೆಸರಾಗಿರುವುದನ್ನು ಎಲ್ಲರೂ ಬಲ್ಲರು.

ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರಪ್ರದೇಶ ಸುತ್ತುವರಿದಿರುವುದರಿಂದ ಇದೇ ಗಿಡಗಳಿಗೆ ತೆಲುಗಿನ ಹೆಸರುಗಳೂ ಬಳಕೆಯಲ್ಲಿವೆ. ಕಮರವನ್ನು ನಾರೇಪಿ ಎಂದೂ ತಂಗಡಿಯನ್ನು ತಂಗೇಡು ಎಂದೂ ಕರೆಯುತ್ತಾರೆ. ಗಿಡಗಳ ಪಟ್ಟಿ ಮಾಡುವಾಗ ಎರಡು ಹೆಸರನ್ನೂ ಬರೆದುಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ಒಂದೇ ಮರವನ್ನು ಎರಡೆಂದು ಎಣಿಸುವ ಸಂಭವವಿದೆ.

ಕಮರ: ಈ ಗುಡ್ಡಗಳ ಮುಖ್ಯ ಮರ

ಕಮರದ ಶಾಸ್ತ್ರೀಯ ಹೆಸರು ಹಾರ್ಡ್‌ವಿಕಿಯ ಬೈನೇಟ. ಜೋಡಿ ಎಲೆಗಳಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಒಂದು ತೊಟ್ಟಿನ ತುದಿಯಲ್ಲಿ ಎರಡು ಸಣ್ಣ ಎಲೆಗಳು ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಕೂತಿರುತ್ತವೆ. ಇದರ ಕಟ್ಟಿಗೆ ನಮ್ಮ ದೇಶದ ಅತಿ ಗಟ್ಟಿ ಮತ್ತು ಅತಿ ಭಾರವಾದ ಕಟ್ಟಿಗೆಗಳಲ್ಲೊಂದು, ನೀರಿಗೆ ಹಾಕಿದರೆ ಮುಳುಗುತ್ತದೆ. ತೊಗಟೆಯ ನಾರಿನಿಂದ ಹಗ್ಗ ಹೊಸೆಯುತ್ತಾರೆ. ತೆಲುಗಿನ ಹೆಸರಿನಲ್ಲಿರುವ 'ನಾರ' ಎಂಬ ಮಾತು ಇದನ್ನೇ ಸೂಚಿಸುತ್ತದೆ. ಎಲೆ ದನ, ಕುರಿ, ಮೇಕೆಗಳಿಗೆ ಮೇವು. ಹಳೆಯ ಎಲೆ ಉದುರಿ ಏಪ್ರಿಲ್ ಸುಮಾರಿಗೆ ಹೊಸ ಚಿಗುರು ಬರುವುದರಿಂದ, ಹೊಲದಲ್ಲಿ ಹಸಿರೇ ಇಲ್ಲದ ಕಾಲಕ್ಕೆ ಇದು ಒದಗುತ್ತದೆ.

ಈ ಮರ ಕಲ್ಲುನೆಲದಲ್ಲಿ ಬಾಳುವ ಗುಟ್ಟು ಬೇರಿನಲ್ಲಿದೆ. ಬೀಜ ಮೊಳೆತ ಮೊದಲ ವರ್ಷಗಳಲ್ಲಿ ನೆಲದ ಮೇಲಿನ ಸಸಿ ಗೇಣಿನಷ್ಟೂ ಏಳದಿದ್ದರೂ ತಾಯಿಬೇರು ನೇರವಾಗಿ ಆಳಕ್ಕೆ ಇಳಿಯುತ್ತಿರುತ್ತದೆ. ಕಲ್ಲಿನ ಸಂದು ಹುಡುಕಿ ತೇವವಿರುವ ಪದರವನ್ನು ಮುಟ್ಟಿದ ಮೇಲೆಯೇ ಮರ ಮೇಲಕ್ಕೆ ಬೆಳೆಯುತ್ತದೆ. ಈ ಕಾರಣದಿಂದ ಪ್ಲಾಸ್ಟಿಕ್ ಚೀಲದಲ್ಲಿ ಬಹಳ ದಿನ ಇಟ್ಟು ಬೇರು ಸುರುಳಿ ಸುತ್ತಿದ ಕಮರದ ಸಸಿ ಗುಡ್ಡದ ಮೇಲೆ ಏಳಿಗೆಯಾಗುವುದು ಕಷ್ಟ. ಇದ್ದ ಜಾಗದಲ್ಲೇ ಬೀಜ ಊರುವುದು ಹೆಚ್ಚು ಸೂಕ್ತ.

ಕಾಯಿ ಚಪ್ಪಟೆಯಾಗಿ ರೆಕ್ಕೆಯಂತಿದ್ದು ತುದಿಯಲ್ಲಿ ಒಂದೇ ಬೀಜವಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಬಲಿತು ಗಾಳಿಗೆ ಹಾರಿ ಬೀಳುತ್ತದೆ. ಆದರೆ ಎಲ್ಲ ವರ್ಷವೂ ಬೀಜ ಒಂದೇ ಸಮನಾಗಿ ಆಗುವುದಿಲ್ಲ. ಕೆಲವು ವರ್ಷಗಳಿಗೊಮ್ಮೆ ಮಾತ್ರ ಹುಲುಸಾಗಿ ಆಗುತ್ತದೆ. ಅಂತಹ ವರ್ಷ ಗುಡ್ಡಕ್ಕೆ ಬೆಂಕಿ ಬಿದ್ದರೆ, ಇಲ್ಲವೇ ಪ್ರತಿ ಕೊಂಬೆಯನ್ನೂ ಮೇವಿಗೆ ಸವರಿದರೆ, ಮುಂದಿನ ತಲೆಮಾರಿನ ಮರಗಳನ್ನೇ ಕಳೆದುಕೊಂಡಂತೆ ಆಗುತ್ತದೆ.

ಮುಳ್ಳುಪೊದೆಯ ಕೆಲಸ

ಕಾರೆ, ಕವಳಿ, ಪರಗಿಗಳನ್ನು ಬೇಲಿಗೆ ಅಥವಾ ಸೌದೆಗೆ ಕಡಿಯುವುದು ವಾಡಿಕೆ. ಆದರೆ ಹೊಸ ಮರ ಹುಟ್ಟುವ ತೊಟ್ಟಿಲು ಈ ಪೊದೆಗಳೇ. ಪಿಕಳಾರದಂತಹ ಹಕ್ಕಿಗಳು ಹಣ್ಣು ತಿಂದು ಪೊದೆಯ ಮೇಲೆ ಕೂತು ಬೀಜ ಉದುರಿಸುತ್ತವೆ. ಪೊದೆಯ ಬುಡದಲ್ಲಿ ನೆರಳಿದೆ, ತರಗೆಲೆಯ ಗೊಬ್ಬರವಿದೆ. ಸುತ್ತ ಮುಳ್ಳಿರುವುದರಿಂದ ಮೇಕೆಯ ಬಾಯಿ ಒಳಗೆ ಹೋಗುವುದಿಲ್ಲ. ಕೆಲವು ವರ್ಷಗಳಲ್ಲಿ ಪೊದೆಯ ನಡುವಿನಿಂದ ಬೇವಿನ ಅಥವಾ ಇನ್ನಾವುದೋ ಮರದ ತಲೆ ಹೊರಬರುತ್ತದೆ. ಶ್ರೀಗಂಧವಂತೂ ಈ ರೀತಿ ಬೆಳೆಯುವ ಮರಗಳಲ್ಲಿ ಮುಖ್ಯವಾದುದು. ಅದರ ಬೀಜವನ್ನು ಹರಡುವುದು ಹಕ್ಕಿ. ಮೊಳೆತ ಮೇಲೆ ಅದರ ಬೇರು ಪಕ್ಕದ ಗಿಡಗಳ ಬೇರನ್ನು ಹಿಡಿದು ಆಹಾರದ ಒಂದು ಪಾಲನ್ನು ಪಡೆಯುತ್ತದೆ. ಪೊದೆ ಕಡಿದ ಕಡೆ ಶ್ರೀಗಂಧ ತಾನಾಗಿ ಹುಟ್ಟುವುದೂ ನಿಲ್ಲುತ್ತದೆ.

ಬೇರೆ ದೇಶಗಳ ಒಣ ಗುಡ್ಡಗಳಲ್ಲಿ

ಅಮೆರಿಕದ ಪಶ್ಚಿಮ ಭಾಗ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳು, ಬಲೂಚಿಸ್ತಾನದ ಬೆಟ್ಟಗಳು ಇಲ್ಲೆಲ್ಲ ಮಳೆ ಕಡಿಮೆ, ಕಲ್ಲು ಹೆಚ್ಚು. ಅಲ್ಲಿ ಜೂನಿಪರ್ ಎಂಬ ಸೂಜಿ ಎಲೆಯ ಮರ ಮತ್ತು ಹಲವೆಡೆ ಓಕ್ ಮರಗಳು ಗುಡ್ಡಗಳನ್ನು ಹಿಡಿದಿವೆ. ಓಕ್ ನಮ್ಮ ದಕ್ಷಿಣ ಭಾರತದ ಹುಟ್ಟುಮರವಲ್ಲ, ಹಿಮಾಲಯದಲ್ಲಿ ಮಾತ್ರ ಸಾಕಷ್ಟಿದೆ. ಮರಗಳು ಬೇರೆಯಾದರೂ ಗುಡ್ಡದ ನಿಯಮ ಹೆಚ್ಚುಕಡಿಮೆ ಒಂದೇ. ಜೂನಿಪರಿನ ಬೀಜವನ್ನೂ ಹಕ್ಕಿಗಳು ಹರಡುತ್ತವೆ. ಹಲವು ಜಾತಿಯ ಓಕ್ ಮರಗಳು ಕಡಿದ ಬುಡದಿಂದ ಮತ್ತೆ ಚಿಗುರುತ್ತವೆ, ನಮ್ಮ ತುಗ್ಗಲಿಯ ಹಾಗೆ.

ಅಮೆರಿಕದ ಗುಡ್ಡಗಳಿಂದ ನಾವು ತಿಳಿಯಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಅಲ್ಲಿ ಅತ್ಯಂತ ಹಳೆಯ ಜೂನಿಪರ್ ಮರಗಳು ಸಿಗುವುದು ಬಂಡೆಗಳ ನಡುವೆ. ಬಂಡೆಯ ಸುತ್ತ ಹುಲ್ಲು ವಿರಳವಾದ್ದರಿಂದ ಕಾಡುಬೆಂಕಿ ಅಲ್ಲಿಯವರೆಗೆ ಹೋಗಲಿಲ್ಲ. ನಮ್ಮ ಗುಂಡುಗಳ ಸಂದಿನಲ್ಲಿ ಉಳಿದ ಹಳೆಯ ಮರಗಳೂ ಹಾಗೆಯೇ. ಅವು ಗುಡ್ಡದ ಬೀಜದ ಉಗ್ರಾಣ. ಕಲ್ಲು ಒಡೆಯಲು ಗುಂಡುಗಳನ್ನು ಸಿಡಿಸಿದರೆ ಆ ಉಗ್ರಾಣವೇ ಹೋದಂತೆ.

ಎರಡನೆಯದು, ಅಲ್ಲಿ ಮಿತಿಮೀರಿದ ಮೇವಿನಿಂದ ಹುಲ್ಲು ನಾಶವಾದಾಗ, ಮೊದಲು ಬಂಡೆಯ ನೆಲೆಯಲ್ಲಿದ್ದ ಜೂನಿಪರ್ ಕೆಳಗಿನ ಹುಲ್ಲುಗಾವಲಿಗೂ ಹಬ್ಬಿತು. ಮರ ಹೆಚ್ಚಿದರೆ ಒಳ್ಳೆಯದೇ ಎಂದು ಎಲ್ಲ ಕಡೆಯೂ ಹೇಳಲು ಬರುವುದಿಲ್ಲ. ನಮ್ಮಲ್ಲಿಯೂ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ನೆಲೆ. 2007ರಲ್ಲಿ ಅದನ್ನು ಜಯಮಂಗಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದರು. ಹುಲ್ಲಿನ ನೆಲ ಹುಲ್ಲಾಗಿ, ಕಲ್ಲಿನ ನೆಲ ಕುರುಚಲು ಕಾಡಾಗಿ ಉಳಿಯುವುದೇ ಸರಿ.

ಗುಡ್ಡ ಕೆಡುವ ಮೆಟ್ಟಿಲುಗಳು

ಗುಡ್ಡ ಒಂದೇ ದಿನದಲ್ಲಿ ಬೋಳಾಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ನಿಮ್ಮ ಗುಡ್ಡ ಯಾವ ಮೆಟ್ಟಿಲಿನಲ್ಲಿದೆ ಎಂಬುದನ್ನು ಗಿಡಗಳೇ ಹೇಳುತ್ತವೆ.

ಮೊದಲ ಮೆಟ್ಟಿಲು: ಕಮರ, ದಿಂಡಿಗದಂತಹ ಮರಗಳು ಎತ್ತರವಾಗಿದ್ದು ಕೆಳಗೆ ಬಹುವಾರ್ಷಿಕ ಹುಲ್ಲಿದೆ. ಸಣ್ಣ ಸಸಿಗಳೂ ಇವೆ. ಇದು ಆರೋಗ್ಯದ ಸ್ಥಿತಿ.

ಎರಡನೆಯದು: ಮರಗಳು ಕಡಿತಕ್ಕೆ ಸಿಕ್ಕಿ ಆಳೆತ್ತರದ ಪೊದೆಗಳಾಗಿವೆ. ತುಗ್ಗಲಿಯ ಚಿಗುರು ಹೆಚ್ಚು ಕಾಣುತ್ತದೆ. ಎಲೆಯನ್ನು ಒಣಗಿಸಿ ತಲೆ ತೊಳೆಯಲು ಸುಜ್ಜಲು ಪುಡಿ ಮಾಡುವುದು ಈ ತುಗ್ಗಲಿಯಿಂದಲೇ.

ಮೂರನೆಯದು: ಕುರಿ ಮೇಕೆಗಳು ಬಾಯಿ ಹಾಕದ ಗಿಡಗಳು ಮಾತ್ರ ಉಳಿದಿವೆ. ಬಂದರೆ ಮತ್ತು ತಂಗಡಿ ಗುಡ್ಡವನ್ನೆಲ್ಲ ತುಂಬಿವೆ. ದೂರದಿಂದ ಗುಡ್ಡ ಹಸಿರಾಗಿಯೇ ಕಾಣುತ್ತದೆ. ಆದರೆ ಅದರಲ್ಲಿ ಮೇವಿಲ್ಲ. ಹಾಗೆಂದು ಇವನ್ನು ಕಿತ್ತುಹಾಕಬಾರದು. ಮಣ್ಣನ್ನು ಹಿಡಿದಿರುವವು ಈಗ ಇವೇ.

ನಾಲ್ಕನೆಯದು: ಪೊದೆಗಳೂ ವಿರಳವಾಗಿ ಕಳ್ಳಿ, ಊಬಿನ ಹುಲ್ಲು, ಮಳೆಗಾಲಕ್ಕೆ ಹುಟ್ಟಿ ಒಣಗುವ ಸಣ್ಣ ಹುಲ್ಲು ಉಳಿದಿವೆ. ಗಿಡಗಳ ಬೇರು ಮಣ್ಣಿನ ಮೇಲೆ ಎದ್ದು ಕಾಣುತ್ತದೆ.

ಐದನೆಯದು: ಗರಸು ಮತ್ತು ಬಂಡೆ. ಇಲ್ಲಿಂದ ಮತ್ತೆ ಮಣ್ಣಾಗಲು ಮನುಷ್ಯರ ಹಲವು ತಲೆಮಾರುಗಳೂ ಸಾಲವು.

ಮೂರನೆಯ ಮೆಟ್ಟಿಲಿನವರೆಗೆ ಇಳಿದ ಗುಡ್ಡ ತಾನಾಗಿ ಚೇತರಿಸಿಕೊಳ್ಳಬಲ್ಲದು. ನೆಲದೊಳಗೆ ಹಳೆಯ ಮರಗಳ ಬುಡ ಮತ್ತು ಬೇರು ಇನ್ನೂ ಜೀವಂತವಾಗಿರುತ್ತವೆ. ನಾಲ್ಕನೆಯದಕ್ಕೆ ಇಳಿದ ಮೇಲೆ ಕೆಲಸ ಬಹಳ ಕಷ್ಟ. ಆದ್ದರಿಂದ ಮೂರನೆಯ ಮೆಟ್ಟಿಲಿನಲ್ಲಿ ಎಚ್ಚೆತ್ತುಕೊಳ್ಳುವುದು ಅತ್ಯಗತ್ಯ.

ಇದರ ಪರಿಣಾಮ ಗುಡ್ಡದ ಮೇಲೆ ಮಾತ್ರ ಆಗುವುದಿಲ್ಲ. ಮಣ್ಣಿಲ್ಲದ ಗುಡ್ಡದಿಂದ ಮಳೆನೀರು ಒಂದೇ ಏಟಿಗೆ ಇಳಿದು ತಪ್ಪಲಿನ ಹೊಲಕ್ಕೆ ಗರಸು ಹರಡುತ್ತದೆ, ಕೆರೆಯಲ್ಲಿ ಹೂಳು ತುಂಬುತ್ತದೆ. ಪಾವಗಡದಲ್ಲಿ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚಾಗಿ ಜನ ಬಳಲಿದ್ದನ್ನು ಎಲ್ಲರೂ ಬಲ್ಲರು. ಮೇಲ್ಪದರದಲ್ಲಿ ಮಳೆನೀರು ಇಂಗಿದಷ್ಟೂ ಆಳದ ನೀರಿನ ಮೇಲಿನ ಅವಲಂಬನೆ ತಗ್ಗುತ್ತದೆ.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ತಿರುಮಣಿ ಸುತ್ತಿನ ಐದು ಊರುಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರು ಸೌರ ವಿದ್ಯುತ್ ಪಾರ್ಕಿಗೆ ಗುತ್ತಿಗೆ ಕೊಟ್ಟರು. 2018ರಲ್ಲಿ ಅಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಗುತ್ತಿಗೆ ಹಣ ಜಮೀನಿದ್ದವರಿಗೆ ನೆರವಾಗಿದೆ. ಆದರೆ ಕೊಯ್ಲಾದ ಹೊಲದಲ್ಲಿ, ಬೀಡು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಅಷ್ಟು ನೆಲ ಬೇಲಿಯೊಳಗೆ ಸೇರಿತು. ಇಂತಹ ಕಡೆ ಉಳಿದ ಗೋಮಾಳ ಮತ್ತು ಗುಡ್ಡಗಳ ಮೇವನ್ನು ಲೆಕ್ಕವಿಟ್ಟು ಬಳಸದಿದ್ದರೆ ಅವು ಬೇಗನೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತವೆ.

ಬಳ್ಳಾರಿ ಜಾಲಿಯ ವಿಚಾರ

ಬಳ್ಳಾರಿ ಜಾಲಿ ನಮ್ಮ ಗಿಡವಲ್ಲ. ಇದರ ತವರು ಅಮೆರಿಕ ಖಂಡ. ಜಮೈಕಾದಿಂದ ತಂದ ಬೀಜವನ್ನು 1877ರ ಸುಮಾರಿಗೆ ಕಡಪ ಜಿಲ್ಲೆಯಲ್ಲಿ ಬಿತ್ತಿದರು. ಸಿಹಿಯಾದ ಕಾಯಿಯನ್ನು ದನ ಕುರಿಗಳು ತಿನ್ನುತ್ತವೆ. ಬೀಜ ಅರಗದೆ ಸಗಣಿ ಹಿಕ್ಕೆಗಳಲ್ಲಿ ಹೊರಬಂದು ಗೊಬ್ಬರದೊಂದಿಗೇ ಮೊಳೆಯುತ್ತದೆ. ಬಡವರಿಗೆ ಸೌದೆ, ಇದ್ದಿಲು ಒದಗಿಸಿದ ಗಿಡವೆಂಬುದನ್ನು ಮರೆಯುವಂತಿಲ್ಲ. ಆದರೆ ತಪ್ಪಲು ಮತ್ತು ಹಳ್ಳಗಳನ್ನು ಹಿಡಿದರೆ ಹುಲ್ಲನ್ನೂ ಬೇರೆ ಸಸಿಗಳನ್ನೂ ಏಳಗೊಡುವುದಿಲ್ಲ. ನೆಲಮಟ್ಟಕ್ಕೆ ಕಡಿದರೆ ಬುಡದಿಂದ ಇನ್ನೂ ಹೆಚ್ಚು ಕವಲೊಡೆಯುತ್ತದೆ. ಒಂದು ಅಡಿ ಆಳದವರೆಗೆ ಬುಡವನ್ನು ಅಗೆದು ತೆಗೆದರೆ ಮಾತ್ರ ಹತೋಟಿ ಸಾಧ್ಯ. ಮೊದಲು ಅಲ್ಲೊಂದು ಇಲ್ಲೊಂದು ಗಿಡವಿರುವ ಇಳಿಜಾರಿನಿಂದ ಆರಂಭಿಸಿ, ನಂತರ ದಟ್ಟವಾಗಿರುವ ತಪ್ಪಲಿಗೆ ಇಳಿಯಿರಿ. ತೆಗೆದ ಜಾಗವನ್ನು ಬರಿದಾಗಿ ಬಿಡದೆ ಹೊಂಗೆ, ಬೇವು, ಸೀತಾಫಲ ಬೆಳೆಸಿ.

ರೈತರು ಕೈಗೊಳ್ಳಬೇಕಾದ ಕ್ರಮಗಳು

1. ಗುಡ್ಡ ಯಾರ ಅಧೀನದಲ್ಲಿದೆ ಎಂಬುದನ್ನು ಮೊದಲು ತಿಳಿಯಿರಿ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಜಂಟಿ ಅರಣ್ಯ ಯೋಜನೆಗೆ ಕರ್ನಾಟಕ ಸರ್ಕಾರ 1993ರಲ್ಲಿ ಆದೇಶ ಹೊರಡಿಸಿದೆ. ಅದರಂತೆ ಗ್ರಾಮ ಅರಣ್ಯ ಸಮಿತಿಯ ಮೂಲಕ ಕೆಲಸ ಮಾಡಬಹುದು. ಗೋಮಾಳವಾದರೆ ಗ್ರಾಮ ಪಂಚಾಯಿತಿಯೊಡನೆ ಮಾತನಾಡಿ.

2. ಇಡೀ ಗುಡ್ಡವನ್ನು ಒಮ್ಮೆಗೇ ಮುಚ್ಚಬೇಡಿ. ಹಾಗೆ ಮಾಡಿದರೆ ಕುರಿ ಸಾಕುವವರ ಬದುಕಿಗೆ ಪೆಟ್ಟು ಬೀಳುತ್ತದೆ, ಕಟ್ಟಳೆಯೂ ಉಳಿಯುವುದಿಲ್ಲ. ಕುರಿಗಾಹಿಗಳನ್ನು ಕೂರಿಸಿಕೊಂಡು ಗುಡ್ಡವನ್ನು ಮೂರು ಅಥವಾ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೆ ಸರದಿಯಂತೆ ಬಿಡುವು ಕೊಡಿ. ಬಿಡುವು ಕೊಟ್ಟ ಪಾಲಿನಲ್ಲಿ ಹುಲ್ಲನ್ನು ಕೊಯ್ದು ಹೊತ್ತುತರಬಹುದು.

3. ಹೊಸ ಹುಲ್ಲು ಬರಲೆಂದು ಬೇಸಿಗೆಯಲ್ಲಿ ಬೆಂಕಿ ಹಾಕುವ ಪದ್ಧತಿಯನ್ನು ನಿಲ್ಲಿಸಿ. ಬೆಂಕಿಗೆ ಸಾಯುವುದು ಎಳೆಯ ಸಸಿ. ಬೇರಿನಿಂದ ಮತ್ತೆ ಏಳುವುದು ಒರಟು ಹುಲ್ಲು. ಡಿಸೆಂಬರ್ ಮುಗಿಯುವ ಮೊದಲೇ ಗುಡ್ಡದ ಬುಡದ ಸುತ್ತ ಹುಲ್ಲು ಕೊಯ್ದು ಬೆಂಕಿ ತಡೆಯುವ ಪಟ್ಟಿ ಮಾಡಿ.

4. ಮೇವಿಗೆ ಸೊಪ್ಪು ಸವರುವಾಗ ಮರದ ತಲೆಯ ಮೂರರಲ್ಲಿ ಒಂದು ಪಾಲನ್ನಾದರೂ ಉಳಿಸಿ. ಒಂದೇ ಮರವನ್ನು ಪ್ರತಿವರ್ಷ ಸವರಬೇಡಿ. ಬೀಜ ಚೆನ್ನಾಗಿ ಹಿಡಿದ ಮರಗಳನ್ನು ಗುರುತು ಹಾಕಿ ಬಿಟ್ಟುಬಿಡಿ.

5. ಬೀಜ ಊರುವುದು: ಏಪ್ರಿಲ್-ಮೇ ತಿಂಗಳಲ್ಲಿ ಕಮರದ ಬೀಜ ಆರಿಸಿ, ಹುಳು ಬಿದ್ದವನ್ನು ತೆಗೆದು, ಅದೇ ವರ್ಷ ಬಳಸಿ. ಮಳೆ ಹದವಾಗಿ ಹಿಡಿದ ಮೇಲೆ ಮುಳ್ಳುಪೊದೆಯ ಬುಡದಲ್ಲಿ, ಕಲ್ಲಿನ ಮೇಲ್ಮಗ್ಗುಲಲ್ಲಿ ಕೂಡಿದ ಮಣ್ಣಿನಲ್ಲಿ ಒಂದೊಂದು ಕಡೆ ಮೂರು-ನಾಲ್ಕು ಬೀಜ ಊರಿ. ತುಗ್ಗಲಿ ಬೀಜವನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಊರಬಹುದು.

6. ಕಡಿದಾದ ಇಳಿಜಾರಿನಲ್ಲಿ ಯಂತ್ರದಿಂದ ಗುಂಡಿ, ಕಾಲುವೆ ತೋಡಿಸಬೇಡಿ. ಸಡಿಲಗೊಂಡ ಮಣ್ಣು ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ಬಿದ್ದಿರುವ ಕಲ್ಲುಗಳನ್ನೇ ಸಮಪಾತಳಿಯಲ್ಲಿ ಮೊಣಕಾಲೆತ್ತರಕ್ಕೆ ಸಾಲಾಗಿ ಜೋಡಿಸಿದರೆ ಮಣ್ಣು ತಾನಾಗಿ ನಿಲ್ಲುತ್ತದೆ. ಸಮಪಾತಳಿ ಕಾಲುವೆಗಳು ಆಳದ ಮಣ್ಣಿರುವ ತಪ್ಪಲಿಗೆ ಸರಿ.

7. ನೀಲಗಿರಿ, ಅಕೇಶಿಯ ಮುಂತಾದ ಹೊರಗಿನ ಮರಗಳನ್ನು ಗುಡ್ಡದ ಮೇಲೆ ನೆಡಬೇಡಿ. ಬರಿಬಂಡೆ, ಬಿರುಕು, ಗುಂಡುಗಳ ಸಂದು ಈ ಮೂರು ನೆಲೆಗಳಲ್ಲಿ ಯಾವ ಸಸಿಯನ್ನೂ ನೆಡುವ ಅಗತ್ಯವಿಲ್ಲ. ಅವುಗಳನ್ನು ಮುಟ್ಟದಿರುವುದೇ ಅಲ್ಲಿಗೆ ಸಲ್ಲುವ ಕ್ರಮ.

ಬಿಡುವು ಸಿಕ್ಕ ಪಾಲಿನಲ್ಲಿ ಮೊದಲು ಹುಲ್ಲು ಹೆಚ್ಚುತ್ತದೆ. ಅದರ ಹಿಂದೆ ಪೊದೆಗಳು ತುಂಬಿಕೊಳ್ಳುತ್ತವೆ. ಆ ಬಳಿಕ ಹಳೆಯ ಬುಡಗಳಿಂದ ಚಿಗುರು ಮೇಲೇಳುತ್ತದೆ. ಮರವಾಗಲು ಬಹಳ ವರ್ಷ ಬೇಕು. ಆದರೆ ಹುಲ್ಲಿನ ಲಾಭ ಒಂದೆರಡು ಮಳೆಗಾಲದಲ್ಲೇ ಕೈಗೆ ಬರುವುದರಿಂದ ಊರಿನವರಿಗೆ ನಂಬಿಕೆ ಹುಟ್ಟುತ್ತದೆ.

ಅಭ್ಯಾಸ

ಈ ಪಾಠವನ್ನು ಓದಿದವರು ಕೆಳಗಿನ ಕೆಲಸವನ್ನು ತಮ್ಮ ಊರಿನಲ್ಲಿ ಮಾಡಿ ನೋಡಬೇಕೆಂದು ಕೋರಿಕೆ. ಯುವಕ ಸಂಘದವರೂ ಶಾಲೆಯ ಮಕ್ಕಳೂ ಸೇರಿಕೊಳ್ಳಬಹುದು.

1. ಗುಡ್ಡದ ನಕ್ಷೆಯೊಂದನ್ನು ಕೈಯಲ್ಲೇ ಬರೆದು ಐದು ನೆಲೆಗಳನ್ನು ಗುರುತಿಸಿ.

2. 40 ಮೀಟರ್ ಹಗ್ಗದಿಂದ ಮಗ್ಗುಲಿಗೆ 10 ಮೀಟರ್ ಇರುವ ಚೌಕ ಹಾಕಿ. ಇಳಿಜಾರಿನಲ್ಲಿ ಎರಡು, ತಪ್ಪಲಿನಲ್ಲಿ ಎರಡು ಚೌಕವಿರಲಿ. ಒಂದೊಂದರಲ್ಲೂ ಇರುವ ಮರ, ಪೊದೆ, ಹುಲ್ಲುಗಳ ಹೆಸರನ್ನು ಊರಿನ ಕುರಿಗಾಹಿಗಳಿಂದ ಕೇಳಿ ಬರೆಯಿರಿ.

3. ಪ್ರತಿ ಚೌಕದಲ್ಲಿ ಮೊಣಕಾಲಿಗಿಂತ ಕೆಳಗಿರುವ ಮರದ ಸಸಿಗಳನ್ನು ಎಣಿಸಿ. ಅವುಗಳಲ್ಲಿ ಎಷ್ಟರ ತುದಿಯನ್ನು ಮೇಕೆ ಕಡಿದಿದೆ? ಪೊದೆಯೊಳಗೆ ಎಷ್ಟಿವೆ, ಬಯಲಿನಲ್ಲಿ ಎಷ್ಟಿವೆ?

4. ಬಂದರೆ ಮತ್ತು ತಂಗಡಿ ಚೌಕದ ಎಷ್ಟು ಪಾಲನ್ನು ಹಿಡಿದಿವೆ? ಇದರಿಂದ ಗುಡ್ಡ ಯಾವ ಮೆಟ್ಟಿಲಿನಲ್ಲಿದೆ ಎಂದು ತೀರ್ಮಾನಿಸಿ.

5. ಮುಂದಿನ ವರ್ಷ ಇದೇ ತಿಂಗಳಲ್ಲಿ ಅದೇ ಚೌಕಗಳನ್ನು ಮತ್ತೆ ಎಣಿಸಿ, ಎರಡು ವರ್ಷದ ಲೆಕ್ಕವನ್ನು ಹೋಲಿಸಿ.

ಈ ಲೆಕ್ಕದ ಪುಸ್ತಕವನ್ನು ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತೋರಿಸಿದರೆ ಅದು ಊರಿನ ದಾಖಲೆಗೂ ಸೇರುತ್ತದೆ. 'ಖರಾಬು' ಎಂದಷ್ಟೇ ಬರೆದಿರುವ ಗುಡ್ಡದಲ್ಲಿ ಇಷ್ಟು ಜಾತಿಯ ಮರ, ಇಷ್ಟು ಬಗೆಯ ಹುಲ್ಲು ಇದೆಯೆಂಬ ಪಟ್ಟಿ ಊರಿನ ಕೈಯಲ್ಲಿದ್ದರೆ, ನಾಳೆ ಕಲ್ಲು ಒಡೆಯುವ ಅರ್ಜಿಯೋ ಮತ್ತೊಂದು ಯೋಜನೆಯೋ ಬಂದಾಗ ಗ್ರಾಮಸಭೆಯಲ್ಲಿ ಆಧಾರ ಸಮೇತ ಮಾತನಾಡಬಹುದು. ಗಿಡಗಳ ಹೆಸರು ತಿಳಿಯದಿದ್ದಲ್ಲಿ ಎಲೆ, ಹೂ, ಕಾಯಿ ಇರುವ ಒಂದು ಟೊಂಗೆಯನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿ ಒಣಗಿಸಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ಕಾಲೇಜಿನ ಸಸ್ಯಶಾಸ್ತ್ರ ಅಧ್ಯಾಪಕರಿಗೆ ತೋರಿಸಿ ತಿಳಿದುಕೊಳ್ಳಿ.